ಹೆಪ್ಪಿನ ಗುಟ್ಟು ಬಲ್ಲ ಎಂಟನೆಯ ಅಂಶ

ದೇಹದ ರಕ್ತದಲ್ಲಿ ಇದು ಇರುವುದು ಒಂದು ಎಳ್ಳುಕಾಳಿನ ತೂಕಕ್ಕಿಂತಲೂ ಕಡಿಮೆ. ಆದರೆ ಅಷ್ಟೂ ಇಲ್ಲದಿದ್ದರೆ ಸಣ್ಣ ಗಾಯವೂ ಸಂಕಟವಾಗುತ್ತದೆ. ಈ ಪ್ರೋಟೀನಿನ ಆಕಾರವನ್ನು ಬಿಡಿಸಿ ನೋಡಿದ ವಿಜ್ಞಾನ, ಕುಸುಮ ರೋಗದ ಮಕ್ಕಳ ಬದುಕನ್ನೇ ಬದಲಿಸಿದೆ.

ಹಾಲಿಗೆ ಒಂದು ಚಮಚ ಮಜ್ಜಿಗೆ ಬಿಟ್ಟು ರಾತ್ರಿ ಮುಚ್ಚಿಟ್ಟರೆ ಬೆಳಗಿನ ಹೊತ್ತಿಗೆ ಗಟ್ಟಿ ಮೊಸರು. ಇದನ್ನು ಕನ್ನಡದಲ್ಲಿ ಹೆಪ್ಪುಗಟ್ಟುವುದು ಎನ್ನುತ್ತಾರೆ. ಗಾಯದಿಂದ ಹರಿಯುವ ರಕ್ತ ಗಟ್ಟಿಯಾಗುವುದಕ್ಕೂ ಅದೇ ಮಾತು. ಹೋಲಿಕೆ ಚೆನ್ನಾಗಿದೆ, ಆದರೆ ಒಂದು ವ್ಯತ್ಯಾಸವಿದೆ. ಹಾಲಿಗೆ ಹೆಪ್ಪನ್ನು ಹೊರಗಿನಿಂದ ಹಾಕಬೇಕು. ರಕ್ತದ ಹೆಪ್ಪು ರಕ್ತದಲ್ಲೇ ಇದೆ. ಹಗಲಿರುಳೂ ರಕ್ತದ ಜೊತೆಯಲ್ಲೇ ಸುತ್ತುತ್ತಿದ್ದರೂ ಕರೆ ಬರುವವರೆಗೆ ಅದು ಸುಮ್ಮನಿರುತ್ತದೆ.

ಸುಮ್ಮನಿರುವುದೂ ಮುಖ್ಯ, ಕರೆದಾಗ ಏಳುವುದೂ ಮುಖ್ಯ. ಕರೆಯದೆಯೇ ಎದ್ದರೆ ಹೃದಯದ ಅಥವಾ ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿ ಪ್ರಾಣಕ್ಕೆ ಅಪಾಯ. ಕರೆದರೂ ಏಳದಿದ್ದರೆ ರಕ್ತ ನಿಲ್ಲುವುದಿಲ್ಲ. ಈ ಎರಡರ ನಡುವಿನ ಸೂಕ್ಷ್ಮ ಹಾದಿಯಲ್ಲಿ ದೇಹ ಹೇಗೆ ನಡೆಯುತ್ತದೆ ಎಂಬುದನ್ನು ತಿಳಿಯಲು ಎಂಟನೆಯ ಅಂಶ, ಅಂದರೆ ಫ್ಯಾಕ್ಟರ್ ಎಂಟು ಎಂಬ ಪ್ರೋಟೀನಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಬಲೆ ನೇಯುವ ಸರಪಳಿ

ರಕ್ತನಾಳ ಹರಿದ ಕೂಡಲೇ ಮೂರು ಕೆಲಸಗಳು ಶುರುವಾಗುತ್ತವೆ. ಮೊದಲು ರಕ್ತನಾಳ ತಾನೇ ಮುದುಡಿಕೊಳ್ಳುತ್ತದೆ. ಎರಡನೆಯದಾಗಿ ಪ್ಲೇಟ್‌ಲೆಟ್ ಎಂಬ ಕಿರುತಟ್ಟೆಗಳು ಬಂದು ತೂತಿಗೆ ಅಂಟಿಕೊಳ್ಳುತ್ತವೆ. ಅವು ಅಂಟುವುದು ನಾಳದ ಗೋಡೆಯೊಳಗಿನ ಕೊಲಾಜೆನ್ ಎಂಬ ನಾರಿಗೆ. ಮೂರು ಎಳೆಗಳ ಹುರಿಯಂತಿರುವ ಈ ಕೊಲಾಜೆನ್ನಿನ ರಚನೆಯನ್ನು 1954-55ರಲ್ಲಿ ಮದ್ರಾಸಿನಲ್ಲಿ ಸೂಚಿಸಿದವರು ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ರಾಮಚಂದ್ರನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತ ವಿಭಾಗವನ್ನು ಕಟ್ಟಿದರು.

ಕಿರುತಟ್ಟೆಗಳ ಬಿರಡೆ ತಾತ್ಕಾಲಿಕ. ಅದು ಕಿತ್ತುಹೋಗದಂತೆ ಮೇಲೊಂದು ಬಲೆ ಬೇಕು. ಇದೇ ಮೂರನೆಯ ಕೆಲಸ. ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳು ಈ ಬಲೆಯನ್ನು ನೇಯುತ್ತವೆ. ಫೈಬ್ರಿನ್ ಆಗಬೇಕಾದ ಕಚ್ಚಾ ಸಾಮಗ್ರಿ ರಕ್ತದಲ್ಲಿ ಕರಗಿದ ರೂಪದಲ್ಲಿ ಲೀಟರಿಗೆ 2ರಿಂದ 4 ಗ್ರಾಂನಷ್ಟು ಸದಾ ಇರುತ್ತದೆ. ಅದನ್ನು ಎಳೆಯಾಗಿಸುವುದು ಥ್ರಾಂಬಿನ್ ಎಂಬ ಕಿಣ್ವ. ಆದರೆ ಥ್ರಾಂಬಿನ್ ಕೂಡ ಸಿದ್ಧವಾಗಿ ಕುಳಿತಿರುವುದಿಲ್ಲ. ಅದನ್ನು ಇನ್ನೊಂದು ಕಿಣ್ವ ಎಬ್ಬಿಸಬೇಕು, ಆ ಕಿಣ್ವವನ್ನು ಮತ್ತೊಂದು ಎಬ್ಬಿಸಬೇಕು. ಊರಿನಲ್ಲಿ ಒಬ್ಬ ನಾಲ್ವರಿಗೆ, ಆ ನಾಲ್ವರು ಹದಿನಾರು ಜನರಿಗೆ ಸುದ್ದಿ ಮುಟ್ಟಿಸಿದ ಹಾಗೆ ಹಂತ ಹಂತಕ್ಕೂ ಸಂಖ್ಯೆ ಬೆಳೆಯುತ್ತದೆ. ಈ ಸರಪಳಿಯ ಚಿತ್ರವನ್ನು 1964ರಲ್ಲಿ ಇಂಗ್ಲೆಂಡಿನ ಮ್ಯಾಕ್‌ಫರ್ಲೇನ್ ಮತ್ತು ಅಮೆರಿಕದ ಡೇವಿ ಹಾಗೂ ರಟ್ನಾಫ್ ಪ್ರತ್ಯೇಕವಾಗಿ ಮುಂದಿಟ್ಟರು.

ಸರಪಳಿಯ ಕೊಂಡಿಗಳಿಗೆ ರೋಮನ್ ಅಂಕಿಗಳ ಹೆಸರಿದೆ. ಈ ಅಂಕಿಗಳು ಕೆಲಸದ ಕ್ರಮವನ್ನು ತೋರಿಸುವುದಿಲ್ಲ. ಹಾಗಾಗಿ ಎಂಟರ ನಂತರ ಒಂಬತ್ತು ಎಂದು ವಿದ್ಯಾರ್ಥಿಗಳು ಭಾವಿಸಬಾರದು. ಆರನೆಯ ಅಂಶವಂತೂ ಇಲ್ಲವೇ ಇಲ್ಲ. ಮೊದಲು ಆರನೆಯದು ಎಂದುಕೊಂಡದ್ದು ಐದನೆಯದರ ಎಚ್ಚೆತ್ತ ರೂಪ ಎಂದು ಆಮೇಲೆ ತಿಳಿಯಿತು.

ಎರಡು ರೋಗಿಗಳ ರಕ್ತ ಬೆರೆತಾಗ

ಕೆಲವು ಕುಟುಂಬಗಳ ಗಂಡುಮಕ್ಕಳಿಗೆ ರಕ್ತ ಬೇಗ ನಿಲ್ಲುವುದಿಲ್ಲ ಎಂಬುದು ಬಹಳ ಹಿಂದಿನಿಂದಲೂ ಜನರಿಗೆ ಗೊತ್ತಿತ್ತು. ಇದೇ ಹಿಮೋಫೀಲಿಯಾ ಅಥವಾ ಕುಸುಮ ರೋಗ. 1937ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಪ್ಯಾಟೆಕ್ ಮತ್ತು ಟೇಲರ್ ಎಂಬ ವೈದ್ಯರು, ಆರೋಗ್ಯವಂತರ ರಕ್ತರಸದಿಂದ ಬೇರ್ಪಡಿಸಿದ ಒಂದು ಪದಾರ್ಥವನ್ನು ಸೇರಿಸಿದರೆ ಇಂಥ ರೋಗಿಗಳ ರಕ್ತ ಬೇಗ ಹೆಪ್ಪುಗಟ್ಟುವುದನ್ನು ತೋರಿಸಿದರು. ಎಂಟನೆಯ ಅಂಶದ ಮೊದಲ ಸುಳಿವು ಅದು.

ಹತ್ತು ವರ್ಷಗಳ ನಂತರ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಪಾವ್ಲೊವ್‌ಸ್ಕಿ ಎಂಬ ವೈದ್ಯರು ಒಂದು ವಿಚಿತ್ರವನ್ನು ಗಮನಿಸಿದರು. ಇಬ್ಬರು ಕುಸುಮ ರೋಗಿಗಳ ರಕ್ತವನ್ನು ಬೆರೆಸಿದರೆ ಮಿಶ್ರಣ ಸರಿಯಾಗಿ ಹೆಪ್ಪುಗಟ್ಟುತ್ತಿತ್ತು! ಒಬ್ಬರಲ್ಲಿ ಇಲ್ಲದ್ದು ಇನ್ನೊಬ್ಬರಲ್ಲಿ ಇದ್ದರೆ ಮಾತ್ರ ಹೀಗಾಗಲು ಸಾಧ್ಯ. ರೋಗ ಒಂದಲ್ಲ, ಎರಡು ಎಂಬುದು 1952ರಲ್ಲಿ ಆಕ್ಸ್‌ಫರ್ಡಿನ ರೋಸ್‌ಮೇರಿ ಬಿಗ್ಸ್ ಮತ್ತು ಸಂಗಡಿಗರಿಂದ ಸ್ಪಷ್ಟವಾಯಿತು. ಎಂಟನೆಯ ಅಂಶದ ಕೊರತೆ ಹಿಮೋಫೀಲಿಯಾ ಎ, ಒಂಬತ್ತನೆಯ ಅಂಶದ ಕೊರತೆ ಹಿಮೋಫೀಲಿಯಾ ಬಿ.

ಬ್ರಿಟನ್ನಿನ ರಾಣಿ ವಿಕ್ಟೋರಿಯಾಳ ವಂಶದಿಂದ ಯೂರೋಪಿನ ಅರಮನೆಗಳಿಗೆ ಹರಡಿದ ರಾಜರೋಗದ ಕತೆ ಬಹಳ ಮಂದಿಗೆ ಗೊತ್ತು. ಅದು ಯಾವ ಬಗೆಯದು ಎಂಬುದು ತಿಳಿಯಲು 2009ರವರೆಗೆ ಕಾಯಬೇಕಾಯಿತು. ರಷ್ಯದ ಕೊನೆಯ ಚಕ್ರವರ್ತಿಯ ಕುಟುಂಬದ ಅವಶೇಷಗಳ ಡಿಎನ್ಎ ಪರೀಕ್ಷಿಸಿದಾಗ ದೋಷ ಸಿಕ್ಕಿದ್ದು ಒಂಬತ್ತನೆಯ ಅಂಶದ ಜೀನಿನಲ್ಲಿ. ಆದರೆ ಸಾಮಾನ್ಯರಲ್ಲಿ ಹೆಚ್ಚಾಗಿ ಕಾಣುವುದು ಎಂಟನೆಯ ಅಂಶದ ಕೊರತೆಯೇ. ಸುಮಾರು 5,000 ಗಂಡು ಶಿಶುಗಳಲ್ಲಿ ಒಂದಕ್ಕೆ ಅದು ಬರುತ್ತದೆ.

ಆರು ತುಂಡುಗಳ ಅಣು

ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳನ್ನು ಪೋಣಿಸಿದ ಸರ. ಎಂಟನೆಯ ಅಂಶದ ಸರದಲ್ಲಿ 2,332 ಮಣಿಗಳಿವೆ. ಈ ಸರದ ಕ್ರಮ ತಿಳಿದದ್ದು 1984ರಲ್ಲಿ, ಅಮೆರಿಕದ ಎರಡು ತಂಡಗಳು ಅದರ ಜೀನನ್ನು ಬೇರ್ಪಡಿಸಿ ಓದಿದಾಗ. ಜೀನ್ ಇರುವುದು ಎಕ್ಸ್ ವರ್ಣತಂತುವಿನ ತುದಿಯ ಬಳಿ. ಅದರ ಉದ್ದ ಸುಮಾರು 1,86,000 ಅಕ್ಷರಗಳು, ಅದರಲ್ಲಿ ಪ್ರೋಟೀನಿನ ಸೂಚನೆ ಹೊತ್ತ ಅಧ್ಯಾಯಗಳು 26.

ಸರವನ್ನು ಓದಿದ ಮೇಲೆ ಅದರಲ್ಲಿ ಆರು ತುಂಡುಗಳಿವೆ ಎಂಬುದು ಕಂಡಿತು. ಸಾಲಾಗಿ ಹೇಳುವುದಾದರೆ ಎ1, ಎ2, ಬಿ, ಎ3, ಸಿ1, ಸಿ2. ಮೂರು ಎ ತುಂಡುಗಳು ಒಂದನ್ನೊಂದು ಹೋಲುತ್ತವೆ. ರಕ್ತದಲ್ಲಿ ತಾಮ್ರವನ್ನು ಹೊತ್ತೊಯ್ಯುವ ಸೆರುಲೋಪ್ಲಾಸ್ಮಿನ್ ಎಂಬ ಪ್ರೋಟೀನನ್ನೂ ಹೋಲುತ್ತವೆ. ಎರಡು ಸಿ ತುಂಡುಗಳಿಗೂ ಪರಸ್ಪರ ಹೋಲಿಕೆ ಇದೆ. ನಡುವಿನ ಬಿ ತುಂಡಿಗೆ ಮಾತ್ರ ಯಾರ ಹೋಲಿಕೆಯೂ ಇಲ್ಲ. 900ಕ್ಕೂ ಹೆಚ್ಚು ಮಣಿಗಳಿರುವ ಈ ಉದ್ದನೆಯ ತುಂಡಿಗೆ ಸಕ್ಕರೆಯ ಅಣುಗಳು ದಟ್ಟವಾಗಿ ಮೆತ್ತಿಕೊಂಡಿರುತ್ತವೆ.

ಆದರೆ ಸರದ ಕ್ರಮ ಗೊತ್ತಾದ ಮಾತ್ರಕ್ಕೆ ಅದರ ಕೆಲಸ ಗೊತ್ತಾಗುವುದಿಲ್ಲ. ಸರ ಹೇಗೆ ಮಡಚಿಕೊಂಡು ಯಾವ ಆಕಾರ ತಳೆಯುತ್ತದೆ ಎಂಬುದು ತಿಳಿಯಬೇಕು. ಬೀಗದ ಕೈಯನ್ನು ತೂಗಿದರೆ ಏನು ಪ್ರಯೋಜನ? ಅದರ ಹಲ್ಲುಗಳನ್ನು ನೋಡಬೇಕು. ಈ ಅಣುವಿನ ಅಗಲ ಮಿಲಿಮೀಟರಿನ ಲಕ್ಷದಲ್ಲೊಂದು ಭಾಗದಷ್ಟು. ಹೀಗಾಗಿ ಸಾಮಾನ್ಯ ಸೂಕ್ಷ್ಮದರ್ಶಕ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಪ್ರೋಟೀನನ್ನು ಉಪ್ಪಿನ ಹರಳಿನಂತೆ ಹರಳುಗಟ್ಟಿಸಿ, ಅದರ ಮೂಲಕ ಕ್ಷ-ಕಿರಣಗಳನ್ನು ಹಾಯಿಸಿ, ಅವು ಚದುರುವ ವಿನ್ಯಾಸದಿಂದ ಪರಮಾಣುಗಳ ಸ್ಥಾನವನ್ನು ಲೆಕ್ಕ ಹಾಕಬೇಕು.

ಎಂಟನೆಯ ಅಂಶ ಇದಕ್ಕೆ ಸುಲಭವಾಗಿ ಒಪ್ಪಲಿಲ್ಲ. ರಕ್ತದಲ್ಲಿ ಅದು ಸಿಗುವುದೇ ಅತ್ಯಲ್ಪ. ಸಕ್ಕರೆ ಮೆತ್ತಿದ ಉದ್ದನೆಯ ಬಿ ತುಂಡು ಅತ್ತಿತ್ತ ಬಳುಕುವುದರಿಂದ ಅಣುಗಳು ಹರಳಿನಲ್ಲಿ ಶಿಸ್ತಾಗಿ ಸಾಲು ನಿಲ್ಲುವುದೂ ಕಷ್ಟ. 1999ರಲ್ಲಿ ಕೊನೆಯ ಸಿ2 ತುಂಡೊಂದರ ರಚನೆ ಮಾತ್ರ ಸ್ಪಷ್ಟವಾಯಿತು. ಬಿ ತುಂಡನ್ನು ತೆಗೆದುಹಾಕಿದ ಇಡೀ ಅಣುವಿನ ರಚನೆಯನ್ನು ಎರಡು ತಂಡಗಳು 2008ರಲ್ಲಿ ಪ್ರಕಟಿಸಿದವು.

ಕಂಡ ಆಕಾರ ಹೀಗಿತ್ತು. ಮೂರು ಎ ತುಂಡುಗಳು ಒಲೆಯ ಮೂರು ಗುಂಡುಗಳಂತೆ ತ್ರಿಕೋನವಾಗಿ ಒಂದಕ್ಕೊಂದು ತಾಗಿ ಕುಳಿತಿವೆ. ಅವುಗಳ ಕೆಳಗೆ ಎರಡು ಪಾದಗಳಂತೆ ಸಿ1 ಮತ್ತು ಸಿ2 ನಿಂತಿವೆ. ಪಾದಗಳ ಅಡಿಯಲ್ಲಿ ಹೊರಚಾಚಿದ ಕೆಲವು ಕುಣಿಕೆಗಳಿವೆ. ನೀರಿಗೆ ಒಗ್ಗದ, ಕೊಬ್ಬಿಗೆ ಒಗ್ಗುವ ಅಮೈನೋ ಆಮ್ಲಗಳು ಆ ಕುಣಿಕೆಗಳ ತುದಿಯಲ್ಲಿವೆ.

ಮೂರು ಕಡೆ ಕತ್ತರಿ

ಈ ಆಕಾರವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಕತೆ ತಾನೇ ಬಿಡಿಸಿಕೊಳ್ಳುತ್ತದೆ.

ಎಂಟನೆಯ ಅಂಶ ತಯಾರಾಗುವುದು ಮುಖ್ಯವಾಗಿ ಪಿತ್ತಜನಕಾಂಗದ ಸೂಕ್ಷ್ಮ ರಕ್ತನಾಳಗಳ ಒಳಪದರದಲ್ಲಿ. ರಕ್ತಕ್ಕೆ ಇಳಿದ ಕೂಡಲೇ ಅದನ್ನು ಫಾನ್ ವಿಲ್ಲೆಬ್ರಾಂಡ್ ಅಂಶ ಎಂಬ ದೈತ್ಯ ಪ್ರೋಟೀನು ತಬ್ಬಿಕೊಳ್ಳುತ್ತದೆ. ಈ ಅಪ್ಪುಗೆಯಿಂದ ಎರಡು ಲಾಭ. ಒಂದು, ಎಂಟನೆಯ ಅಂಶ ಬೇಗ ನಾಶವಾಗುವುದಿಲ್ಲ. ರಕ್ತದಲ್ಲಿರುವ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು 12 ಗಂಟೆ ಹಿಡಿಯುತ್ತದೆ. ಎರಡು, ಅದರ ಪಾದಗಳು ಮುಚ್ಚಿಹೋಗುವುದರಿಂದ ಅಗತ್ಯವಿಲ್ಲದ ಕಡೆ ಅದು ಎಲ್ಲಿಯೂ ಕಾಲೂರಲಾರದು.

ಗಾಯವಾದಾಗ ಮೊದಲು ಹುಟ್ಟಿದ ಒಂದಿಷ್ಟು ಥ್ರಾಂಬಿನ್ ಬಂದು ಎಂಟನೆಯ ಅಂಶವನ್ನು ಮೂರು ಕಡೆ ಕತ್ತರಿಸುತ್ತದೆ. ಸರದ 372, 740 ಮತ್ತು 1,689ನೆಯ ಮಣಿಗಳೇ ಆ ಜಾಗಗಳು. ಬಿ ತುಂಡು ಕಳಚಿ ಬೀಳುತ್ತದೆ. ಫಾನ್ ವಿಲ್ಲೆಬ್ರಾಂಡ್ ಅಂಶದ ಹಿಡಿತವೂ ತಪ್ಪುತ್ತದೆ. ಆಗ ಬಿಡುಗಡೆಯಾದ ಪಾದಗಳು ಕಿರುತಟ್ಟೆಗಳ ಮೈಮೇಲೆ ಊರಿಕೊಳ್ಳುತ್ತವೆ. ಎಚ್ಚೆತ್ತ ಕಿರುತಟ್ಟೆಯು ಅಂಗಿಯ ಒಳಮೈ ಹೊರಗೆ ತಿರುವಿದಂತೆ, ತನ್ನ ಪೊರೆಯ ಒಳಬದಿಯಲ್ಲಿದ್ದ ಒಂದು ಬಗೆಯ ಕೊಬ್ಬನ್ನು ಹೊರಬದಿಗೆ ತಂದಿರುತ್ತದೆ. ಪಾದದ ಕುಣಿಕೆಗಳು ನಾಟುವುದು ಅಲ್ಲಿಯೇ. ಹೆಪ್ಪು ಗಾಯದ ಜಾಗದಲ್ಲೇ ಕಟ್ಟುತ್ತದೆ, ಮೈಯೆಲ್ಲ ಕಟ್ಟುವುದಿಲ್ಲ ಎನ್ನುವುದಕ್ಕೆ ಇದೊಂದು ಮುಖ್ಯ ಕಾರಣ.

ಇಷ್ಟಾದರೂ ಎಂಟನೆಯ ಅಂಶ ತಾನಾಗಿ ಏನನ್ನೂ ಕತ್ತರಿಸುವುದಿಲ್ಲ. ಕತ್ತರಿಯ ಕೆಲಸ ಒಂಬತ್ತನೆಯ ಅಂಶದ್ದು. ಅದು ಹತ್ತನೆಯ ಅಂಶವನ್ನು ಕತ್ತರಿಸಿ ಎಬ್ಬಿಸಬೇಕು. ಎಂಟನೆಯದು ಇವರಿಬ್ಬರನ್ನೂ ಸರಿಯಾದ ಕೋನದಲ್ಲಿ ಎದುರುಬದುರು ಹಿಡಿದು ನಿಲ್ಲಿಸುತ್ತದೆ. ಗರಗಸ ಎಷ್ಟೇ ಹರಿತವಾಗಿರಲಿ, ದಿಮ್ಮಿಯನ್ನು ಅಲ್ಲಾಡದಂತೆ ಹಿಡಿಯುವವನಿಲ್ಲದಿದ್ದರೆ ಮರ ಕೊಯ್ಯುವವನು ಏನು ಮಾಡಿಯಾನು? ಎಂಟನೆಯ ಅಂಶ ಜೊತೆಗಿದ್ದಾಗ ಈ ಕತ್ತರಿಸುವ ವೇಗ ಲಕ್ಷಾಂತರ ಪಟ್ಟು ಹೆಚ್ಚುತ್ತದೆ. ಎಂಟು ಇಲ್ಲದಿದ್ದರೂ, ಒಂಬತ್ತು ಇಲ್ಲದಿದ್ದರೂ ರೋಗ ಒಂದೇ ಬಗೆಯಾಗಿ ಕಾಣುವುದು ಏಕೆ ಎಂಬುದೂ ಇದರಿಂದ ತಿಳಿಯುತ್ತದೆ. ಹಿಡಿಯುವವನು ಬಾರದಿದ್ದರೂ ಕೊಯ್ಯುವವನು ಬಾರದಿದ್ದರೂ ದಿಮ್ಮಿ ಹಾಗೆಯೇ ಬಿದ್ದಿರುತ್ತದೆ.

ಕೆಲಸ ಮುಗಿಸುವ ಬಗೆಯೂ ಆಕಾರದಲ್ಲೇ ಅಡಗಿದೆ. ಕತ್ತರಿಸಿದ ಮೇಲೆ ಎ2 ತುಂಡು ಉಳಿದ ಎರಡು ಗುಂಡುಗಳಿಗೆ ಸಡಿಲವಾಗಿ ಅಂಟಿಕೊಂಡಿರುತ್ತದೆ ಅಷ್ಟೆ. ಕೆಲವೇ ನಿಮಿಷಗಳಲ್ಲಿ ಅದು ಕಳಚಿಕೊಂಡು, ಯಂತ್ರ ತಾನಾಗಿ ನಿಲ್ಲುತ್ತದೆ.

ತಪ್ಪು ಯಾರದು?

ಜೀನಿನಲ್ಲಿ ಒಂದು ಅಕ್ಷರ ಬದಲಾದರೂ ಸರದ ಮಣಿಯೊಂದು ಬದಲಾಗಬಹುದು. 372ನೆಯ ಜಾಗದಲ್ಲಿ ಆರ್ಜಿನಿನ್ ಬದಲು ಹಿಸ್ಟಿಡಿನ್ ಬಂದು ಕುಳಿತರೆ ಥ್ರಾಂಬಿನ್ನಿಗೆ ಆ ಜಾಗದ ಗುರುತು ಸಿಗುವುದಿಲ್ಲ. ರಕ್ತದಲ್ಲಿ ಪ್ರೋಟೀನ್ ಇದ್ದೂ ಇಲ್ಲದಂತಾಗುತ್ತದೆ. ಇಂಥ ಸಾವಿರಾರು ಬಗೆಯ ದೋಷಗಳು ಈ ಜೀನಿನಲ್ಲಿ ಪತ್ತೆಯಾಗಿವೆ. ತೀವ್ರ ರೋಗದ ಸುಮಾರು ಶೇಕಡಾ 45 ಮಂದಿಯಲ್ಲಿ ಇರುವುದು ಮಾತ್ರ ಒಂದೇ ಬಗೆಯ ದೋಷ. ಅದು ತಿಳಿದದ್ದು 1993ರಲ್ಲಿ. 26 ಅಧ್ಯಾಯಗಳ ಪುಸ್ತಕದಿಂದ ಮೊದಲ 22 ಅಧ್ಯಾಯಗಳನ್ನು ಕಿತ್ತು, ತಲೆಕೆಳಗು ಮಾಡಿ, ದೂರದಲ್ಲಿ ಹೊಲಿದರೆ ಹೇಗೋ ಹಾಗೆ ಜೀನಿನ ಒಂದು ಭಾಗವೇ ತಿರುಗಿಬಿದ್ದಿರುತ್ತದೆ.

ಜೀನ್ ಎಕ್ಸ್ ವರ್ಣತಂತುವಿನಲ್ಲಿ ಇರುವುದರಿಂದ, ಒಂದೇ ಎಕ್ಸ್ ಇರುವ ಗಂಡುಮಕ್ಕಳಿಗೆ ರೋಗ ಬರುತ್ತದೆ. ಎರಡು ಎಕ್ಸ್ ಇರುವ ಹೆಣ್ಣು ಸಾಮಾನ್ಯವಾಗಿ ವಾಹಕಿಯಾಗಿರುತ್ತಾಳೆ. ಆದರೂ ಕೆಲವು ವಾಹಕಿಯರಿಗೆ ಮುಟ್ಟಿನಲ್ಲಿ, ಹೆರಿಗೆಯಲ್ಲಿ ಅತಿಯಾದ ರಕ್ತಸ್ರಾವ ಆಗುವುದುಂಟು. ವಾಹಕಿ ತಾಯಿಯ ಪ್ರತಿ ಗಂಡುಮಗುವಿಗೆ ರೋಗ ಬರುವ ಸಾಧ್ಯತೆ ಅರ್ಧ. ಪ್ರತಿ ಹೆಣ್ಣುಮಗು ವಾಹಕಿಯಾಗುವ ಸಾಧ್ಯತೆಯೂ ಅರ್ಧ. ರೋಗವಿರುವ ತಂದೆಯಿಂದ ಗಂಡುಮಕ್ಕಳಿಗೆ ರೋಗ ಬರುವುದಿಲ್ಲ, ಹೆಣ್ಣುಮಕ್ಕಳೆಲ್ಲರೂ ವಾಹಕಿಯರಾಗುತ್ತಾರೆ.

ಈ ಲೆಕ್ಕವನ್ನು ಅರ್ಧಂಬರ್ಧ ತಿಳಿದ ಮನೆಗಳಲ್ಲಿ ಮಗುವಿನ ರೋಗದ ಹೊಣೆಯನ್ನೆಲ್ಲ ಸೊಸೆಯ ತಲೆಗೆ ಕಟ್ಟುವುದುಂಟು. ವಿಜ್ಞಾನ ಹೇಳುವುದೇ ಬೇರೆ. ಮೂರರಲ್ಲಿ ಒಂದು ಭಾಗದಷ್ಟು ರೋಗಿಗಳ ಕುಟುಂಬದಲ್ಲಿ ಹಿಂದೆ ಯಾರಿಗೂ ಈ ರೋಗ ಇರುವುದಿಲ್ಲ. ದೋಷ ಹೊಸದಾಗಿ ಹುಟ್ಟಿಕೊಂಡಿರುತ್ತದೆ. ಮೇಲೆ ಹೇಳಿದ ತಿರುಗಿಬಿದ್ದ ಜೀನಂತೂ ಬಹುಪಾಲು ಗಂಡಿನ ವೀರ್ಯಾಣು ತಯಾರಾಗುವಾಗ, ಅಂದರೆ ಮಗುವಿನ ಅಜ್ಜನಲ್ಲೋ ಅದಕ್ಕೂ ಹಿಂದಿನ ತಲೆಮಾರಿನ ಗಂಡಸಿನಲ್ಲೋ ಆದ ಆಕಸ್ಮಿಕ. ಯಾರ ನಡತೆಗೂ, ಯಾರ ಪಾಪಕ್ಕೂ ಇದಕ್ಕೂ ಸಂಬಂಧವಿಲ್ಲ.

ಆಕಾರದಿಂದ ಔಷಧಕ್ಕೆ

1964ರಲ್ಲಿ ಅಮೆರಿಕದ ಜುಡಿತ್ ಪೂಲ್ ಎಂಬ ವಿಜ್ಞಾನಿ, ಹೆಪ್ಪುಗಟ್ಟಿಸಿದ ರಕ್ತರಸವನ್ನು ತಣ್ಣಗಿರುವಾಗಲೇ ನಿಧಾನವಾಗಿ ಕರಗಿಸಿದರೆ ತಳದಲ್ಲಿ ಉಳಿಯುವ ಗಸಿಯಲ್ಲಿ ಎಂಟನೆಯ ಅಂಶ ದಂಡಿಯಾಗಿರುತ್ತದೆ ಎಂದು ತೋರಿಸಿದರು. ಸಾಧಾರಣ ರಕ್ತನಿಧಿಯೂ ಮಾಡಬಹುದಾದ ಈ ವಿಧಾನ ಸಾವಿರಾರು ಜೀವ ಉಳಿಸಿತು. ಮುಂದೆ ಸಾವಿರಾರು ದಾನಿಗಳ ರಕ್ತರಸವನ್ನು ಒಟ್ಟು ಮಾಡಿ ತಯಾರಿಸಿದ ಪುಡಿ ಬಂತು. ಅದರ ಜೊತೆಗೆ 1980ರ ದಶಕದಲ್ಲಿ ಎಚ್‌ಐವಿಯೂ ಬಂತು. ಅಮೆರಿಕದಲ್ಲೇ ಕುಸುಮ ರೋಗಿಗಳ ಸುಮಾರು ಅರ್ಧದಷ್ಟು ಮಂದಿಗೆ ಸೋಂಕು ತಗುಲಿತು. ಪ್ರಾಣ ಉಳಿಸಬೇಕಾದ ಔಷಧವೇ ಪ್ರಾಣ ತೆಗೆಯಿತು.

ಆ ದುರಂತದ ನಡುವೆ ಜೀನನ್ನು ಓದಿದ್ದು ಫಲ ಕೊಟ್ಟಿತು. ಮನುಷ್ಯರ ರಕ್ತದಿಂದ ಬೇರ್ಪಡಿಸುವ ಬದಲು, ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಿಗೆ ಜೀನನ್ನು ಸೇರಿಸಿ ತಯಾರಿಸಿದ ಎಂಟನೆಯ ಅಂಶಕ್ಕೆ 1992ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಬಿ ತುಂಡು ಇಲ್ಲದೆಯೂ ಕೆಲಸ ನಡೆಯುತ್ತದೆ ಎಂಬ ಅರಿವಿನಿಂದ, ಅದನ್ನು ಕೈಬಿಟ್ಟ ಚಿಕ್ಕ ಅಣುವನ್ನೂ ತಯಾರಿಸಲಾಯಿತು.

ಇನ್ನೊಂದು ತೊಡಕು ಉಳಿದಿತ್ತು. ತೀವ್ರ ರೋಗವಿರುವವರಲ್ಲಿ ಸುಮಾರು ಶೇಕಡಾ 30 ಮಂದಿಯ ದೇಹ, ಚುಚ್ಚುಮದ್ದಿನ ಎಂಟನೆಯ ಅಂಶವನ್ನು ಪರಕೀಯವೆಂದು ಭಾವಿಸಿ ಅದರ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುತ್ತದೆ. ಜಪಾನಿನ ಸಂಶೋಧಕರು ಇದಕ್ಕೊಂದು ಜಾಣ ಉಪಾಯ ಹುಡುಕಿದರು. ಎಂಟನೆಯ ಅಂಶದ ಕೆಲಸ ಒಂಬತ್ತನ್ನೂ ಹತ್ತನ್ನೂ ಹತ್ತಿರ ಹಿಡಿಯುವುದು ತಾನೇ? ಹಾಗಿದ್ದರೆ ಒಂದು ಕೈಯಲ್ಲಿ ಒಂಬತ್ತನ್ನೂ ಇನ್ನೊಂದು ಕೈಯಲ್ಲಿ ಹತ್ತನ್ನೂ ಹಿಡಿಯುವ ಪ್ರತಿಕಾಯವನ್ನೇ ತಯಾರಿಸಿದರಾಯಿತು! ಎಮಿಸಿಜುಮ್ಯಾಬ್ ಎಂಬ ಈ ಔಷಧಕ್ಕೆ 2017ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದು ಎಂಟನೆಯ ಅಂಶದಂತೆ ಒಂದಿಷ್ಟೂ ಕಾಣುವುದಿಲ್ಲ, ಆದರೆ ಅದರ ಕೆಲಸ ಮಾಡುತ್ತದೆ. ರಕ್ತನಾಳಕ್ಕೆ ಚುಚ್ಚುವ ಬದಲು ಚರ್ಮದಡಿಗೆ ವಾರಕ್ಕೋ, ಎರಡು ಅಥವಾ ನಾಲ್ಕು ವಾರಕ್ಕೋ ಒಮ್ಮೆ ಚುಚ್ಚಿದರೆ ಸಾಕು.

ಸರಿಯಾದ ಜೀನನ್ನೇ ದೇಹಕ್ಕೆ ಕೊಡುವ ಪ್ರಯತ್ನಕ್ಕೂ ಬಿ ತುಂಡಿನ ಕತೆ ನೆರವಾಯಿತು. ಜೀನನ್ನು ಸಾಗಿಸಲು ಬಳಸುವ ಒಂದು ನಿರುಪದ್ರವಿ ವೈರಸ್ಸಿನ ಚೀಲದಲ್ಲಿ ಸುಮಾರು 4,700 ಅಕ್ಷರಗಳು ಮಾತ್ರ ಹಿಡಿಸುತ್ತವೆ. ಎಂಟನೆಯ ಅಂಶದ ಪೂರ್ತಿ ಸೂಚನೆಗೆ 7,000 ಅಕ್ಷರ ಬೇಕು. ಬಿ ಭಾಗವನ್ನು ಬಿಟ್ಟರೆ ಹೇಗೋ ಹಿಡಿಸುತ್ತದೆ. ಇಂಥ ಚಿಕಿತ್ಸೆಗೆ 2022ರಲ್ಲಿ ಯೂರೋಪಿನಲ್ಲಿ, 2023ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಆದರೆ ಅದರ ಪರಿಣಾಮ ವರ್ಷ ಕಳೆದಂತೆ ಇಳಿಯುವುದು ಕಂಡುಬಂದಿದೆ, ಬೆಲೆಯೂ ಕೈಗೆಟುಕುವಂಥದ್ದಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ಬೇರೆ ದಾರಿ ಹಿಡಿದರು. ರೋಗಿಯ ರಕ್ತದ ಆಕರಕೋಶಗಳನ್ನು ಹೊರತೆಗೆದು, ಬೇರೊಂದು ಬಗೆಯ ವೈರಸ್ಸಿನ ಮೂಲಕ ಅವುಗಳಿಗೆ ಜೀನ್ ಸೇರಿಸಿ, ಮತ್ತೆ ಅದೇ ರೋಗಿಗೆ ಕೊಟ್ಟರು. ಚಿಕಿತ್ಸೆ ಪಡೆದ 5 ಮಂದಿಯಲ್ಲೂ ರಕ್ತಸ್ರಾವ ನಿಂತ ವರದಿ 2024ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಐದೇ ಮಂದಿಯ ಅನುಭವ ಅಂತಿಮ ತೀರ್ಪಲ್ಲ, ಆದರೂ ದಕ್ಷಿಣ ಭಾರತದ ಆಸ್ಪತ್ರೆಯೊಂದರಿಂದ ಬಂದ ಭರವಸೆಯ ಸುದ್ದಿ ಅದು.

ತಂದೆತಾಯಂದಿರು ತಿಳಿದಿರಬೇಕಾದದ್ದು

ಕುಸುಮ ರೋಗವಿರುವ ಮಗುವಿನ ರಕ್ತ ಬೇರೆಯವರಿಗಿಂತ ಜೋರಾಗಿ ಹರಿಯುವುದಿಲ್ಲ, ಹೆಚ್ಚು ಹೊತ್ತು ಹರಿಯುತ್ತದೆ. ನಿಜವಾದ ಅಪಾಯ ಹೊರಗಿನ ಗೀರುಗಾಯಕ್ಕಿಂತ ಒಳಗಿನ ರಕ್ತಸ್ರಾವದ್ದು. ಮಗು ಅಂಬೆಗಾಲಿಡುವಾಗ ಕಾರಣವಿಲ್ಲದೆ ಮೈಮೇಲೆ ನೀಲಿ ಕಲೆಗಳು ಏಳುವುದು, ಮಂಡಿ, ಮೊಣಕೈ, ಪಾದದ ಕೀಲು ಬಾತು ಬಿಸಿಯಾಗುವುದು, ಹಲ್ಲು ಕಿತ್ತ ಮೇಲೆ ಅಥವಾ ಸುನ್ನತಿಯ ನಂತರ ರಕ್ತ ನಿಲ್ಲದಿರುವುದು ಇದರ ಲಕ್ಷಣಗಳು. ಉಳುಕು ಎಂದು ತಿಳಿದು ಕೀಲನ್ನು ತಿಕ್ಕಿಸುವುದರಿಂದ ಹಾನಿ ಹೆಚ್ಚು. ಕೀಲಿನಲ್ಲಿ ಮತ್ತೆ ಮತ್ತೆ ರಕ್ತ ತುಂಬಿದರೆ ಅದು ಸವೆದು ಕಾಲು ಶಾಶ್ವತವಾಗಿ ಊನವಾಗಬಹುದು. ತಲೆಗೆ ಪೆಟ್ಟು ಬಿದ್ದರಂತೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಜ್ವರ ನೋವಿಗೆ ಆಸ್ಪಿರಿನ್ ಕೊಡಬಾರದು. ಸ್ನಾಯುವಿಗೆ ಚುಚ್ಚುಮದ್ದು ಕೊಡುವ ಮೊದಲು ವೈದ್ಯರಿಗೆ ರೋಗದ ವಿಷಯ ಹೇಳಲೇಬೇಕು.

ರಕ್ತ ಹೆಪ್ಪುಗಟ್ಟುವ ಸಮಯದ ಪರೀಕ್ಷೆ ಮತ್ತು ಎಂಟು, ಒಂಬತ್ತನೆಯ ಅಂಶಗಳ ಅಳತೆಯಿಂದ ರೋಗ ಖಚಿತವಾಗುತ್ತದೆ. ಎಂಟನೆಯ ಅಂಶ ಶೇಕಡಾ 1ಕ್ಕಿಂತ ಕಡಿಮೆ ಇದ್ದರೆ ತೀವ್ರ, 1ರಿಂದ 5ರವರೆಗೆ ಇದ್ದರೆ ಮಧ್ಯಮ, ಅದಕ್ಕಿಂತ ಮೇಲೆ 40ರವರೆಗೆ ಸೌಮ್ಯ ಎಂದು ಲೆಕ್ಕ. ಕುಟುಂಬದಲ್ಲಿ ರೋಗವಿದ್ದರೆ ಹೆಣ್ಣುಮಕ್ಕಳು ವಾಹಕಿಯರೇ ಎಂಬುದನ್ನು ಜೀನ್ ಪರೀಕ್ಷೆಯಿಂದ ಮೊದಲೇ ತಿಳಿಯಬಹುದು. ಕರ್ನಾಟಕದಲ್ಲಿ ದಾವಣಗೆರೆಯ ಕರ್ನಾಟಕ ಹಿಮೋಫೀಲಿಯಾ ಸೊಸೈಟಿ ಇಂಥ ಕುಟುಂಬಗಳ ನಡುವೆ ಕೆಲಸ ಮಾಡಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಹಿಮೋಫೀಲಿಯಾವನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿದೆ. ಶಾಲೆಯ ಉಪಾಧ್ಯಾಯರಿಗೆ ವಿಷಯ ಮುಚ್ಚಿಡುವುದಕ್ಕಿಂತ ತಿಳಿಸುವುದೇ ಮಗುವಿಗೆ ಕ್ಷೇಮ. ಬಯಲಿಗೇ ಬಿಡದೆ ಮನೆಯಲ್ಲಿ ಕೂರಿಸುವುದೂ ಸರಿಯಲ್ಲ. ಈಜಿನಂಥ ವ್ಯಾಯಾಮದಿಂದ ಸ್ನಾಯು ಗಟ್ಟಿಯಾಗಿ ಕೀಲಿಗೆ ಆಸರೆ ಸಿಗುತ್ತದೆ.

ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ಈ ಅಣುವಿನ ರಚನೆ 1971ರಲ್ಲಿ ಆರಂಭವಾದ ಪ್ರೋಟೀನ್ ಡೇಟಾ ಬ್ಯಾಂಕ್ ಎಂಬ ಭಂಡಾರದಲ್ಲಿ ದಾಖಲಾಗಿದೆ. ಅದನ್ನು ನೋಡಲು ಶುಲ್ಕವಿಲ್ಲ, ಪದವಿಯೂ ಬೇಕಿಲ್ಲ. ಶಾಲೆಯ ಕಂಪ್ಯೂಟರಿನ ಪರದೆಯ ಮೇಲೆ ಎಂಟನೆಯ ಅಂಶವನ್ನು ತಿರುಗಿಸಿ ಮೂರು ಗುಂಡುಗಳನ್ನೂ ಎರಡು ಪಾದಗಳನ್ನೂ ಗುರುತಿಸಬಹುದು. 372ನೆಯ ಮಣಿ ಎಲ್ಲಿದೆ ಎಂದು ಹುಡುಕುವುದರಿಂದ ಶುರುಮಾಡಿದರೆ ಒಳ್ಳೆಯದು.